ದವಾಖಾನಿಯಲ್ಲಿ ತೀರ್ಮಾನ ಯಾರದು? ಗಡಿಸೀಮೆಯಲ್ಲಿ ನರ್ಸಿಂಗ್ ನಡೆದು ಬಂದ ಹಾದಿ

ಯಾಲಾಲ್ ಇಂದು ತೆಲಂಗಾಣದ ವಿಕಾರಾಬಾದ್ ಜಿಲ್ಲೆಯ ಒಂದು ಮಂಡಲ, ತಾಂಡೂರಿನ ಮಗ್ಗುಲಿನ ಊರು. 1956ರ ನವೆಂಬರ್ 1ಕ್ಕೆ ಮುಂಚೆ ತಾಂಡೂರು, ಕೊಡಂಗಲ್ ತಾಲ್ಲೂಕುಗಳು ಗುಲಬರ್ಗಾ ಜಿಲ್ಲೆಯಲ್ಲಿದ್ದವು. ಜಹೀರಾಬಾದ್, ನಾರಾಯಣಖೇಡಗಳು ಬೀದರಿಗೆ ಸೇರಿದ್ದವು. ರಾಜ್ಯಗಳನ್ನು ಭಾಷೆಯ ಮೇಲೆ ವಿಂಗಡಿಸಿದಾಗ ಈ ನಾಲ್ಕೂ ಆಂಧ್ರಕ್ಕೆ ಹೋದವು, ಕನ್ನಡದ ಮನೆಗಳು ಇದ್ದಲ್ಲೇ ಉಳಿದವು. ಇಲ್ಲಿಯ ಜನ ಕಾಯಿಲೆ ಬಿದ್ದರೆ ಹೈದರಾಬಾದಿಗೂ ಹೋಗುತ್ತಾರೆ, ಕಲಬುರಗಿ, ಬೀದರಿಗೂ ಹೋಗುತ್ತಾರೆ. ತಾಂಡೂರಿನಲ್ಲಿ ರೈಲು ಹತ್ತಿದರೆ ಸೇಡಂ, ಚಿತ್ತಾಪುರ, ವಾಡಿ. ಜಹೀರಾಬಾದಿನಿಂದ ಬೀದರ್ ಅದೇ ಹಳಿಯ ಮುಂದಿನ ದೊಡ್ಡ ನಿಲ್ದಾಣ. ಎರಡು ಸರ್ಕಾರಗಳ ಆರೋಗ್ಯ ಇಲಾಖೆಗಳನ್ನು ಒಂದೇ ಮನೆಯವರು ಬಳಸುವ ಸೀಮೆ ಇದು. ಹಾಗಾಗಿ ಇಲ್ಲಿಯ ನರ್ಸಿಂಗ್ ಇತಿಹಾಸ ಬರೆಯಲು ಕುಳಿತರೆ ಗಡಿಯ ಎರಡೂ ಬದಿಯನ್ನು ಹಿಡಿಯಬೇಕಾಗುತ್ತದೆ.

ಆಸ್ಪತ್ರೆಯ ಗುಣಮಟ್ಟದ ಮಾತು ಬಂದಾಗಲೆಲ್ಲ ನಾವು ವೈದ್ಯರ ಕೊರತೆ, ಯಂತ್ರಗಳ ಕೊರತೆ, ಕಟ್ಟಡದ ಸೋರಿಕೆ ಇವನ್ನೇ ಎಣಿಸುತ್ತೇವೆ. ರಾತ್ರಿ ಎರಡು ಗಂಟೆಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ಹೆರಿಗೆ ಕೋಣೆಯಲ್ಲಿ ಇರುವವಳು ಸ್ಟಾಫ್ ನರ್ಸ್, ಅಥವಾ ಎ.ಎನ್.ಎಂ. (ಸಹಾಯಕ ನರ್ಸ್-ಸೂಲಗಿತ್ತಿ). ಆಕೆಗೆ ಏನು ಗೊತ್ತಿದೆ, ಏನು ಮಾಡಲು ಅನುಮತಿ ಇದೆ, ಕೈಗೆ ಏನು ಸಿಗುತ್ತದೆ ಎಂಬುದರ ಮೇಲೆ ಒಂದು ಬಾಣಂತಿಯ ಜೀವ ನಿಂತಿರುತ್ತದೆ. ಕಳೆದ ನೂರು ವರ್ಷಗಳಲ್ಲಿ ಈ ಮೂರು ವಿಷಯಗಳಲ್ಲಿ ಆದ ಏರಿಳಿತವೇ ಈ ಕ್ಷೇತ್ರದ ಕಥೆ ಎಂಬುದು ನನ್ನ ಎಣಿಕೆ.

ಮೊದಲಿನ ಕಾಲವನ್ನು ಬೇಗ ದಾಟಬಹುದು. ಹಿಂದೂಸ್ತಾನದಲ್ಲಿ ನರ್ಸ್ ತರಬೇತಿ ಸೇನೆಯ ಆಸ್ಪತ್ರೆಗಳಿಂದ, ಮಿಷನ್ನುಗಳಿಂದ ಬಂತು. 1871ರಲ್ಲಿ ಮದ್ರಾಸಿನ ಜನರಲ್ ಆಸ್ಪತ್ರೆಯಲ್ಲಿ ತರಬೇತಿ ಆರಂಭವಾಯಿತು. ಬೆಂಗಳೂರಿನಲ್ಲಿ 1886ರಲ್ಲಿ ಸೇಂಟ್ ಮಾರ್ಥಾಸ್, ಮೈಸೂರಿನಲ್ಲಿ 1906ರಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆ. ನಿಜಾಮರ ಸೀಮೆಯ ನಮ್ಮ ಭಾಗಕ್ಕೆ ಹತ್ತಿರದವು ಬೀದರಿನ ಮೆಥಡಿಸ್ಟ್ ಮಿಷನ್ ಆಸ್ಪತ್ರೆ, ಮೆದಕ್‌ನಲ್ಲಿ ವೆಸ್ಲಿಯನ್ನರ ಆಸ್ಪತ್ರೆ. ಮೇಲ್ಜಾತಿಯ ಮನೆಗಳಲ್ಲಿ ರಕ್ತ, ಮಲಮೂತ್ರ ಮುಟ್ಟುವ ಕೆಲಸಕ್ಕೆ ಮಗಳನ್ನು ಕಳಿಸಲು ಯಾರೂ ಒಪ್ಪುತ್ತಿರಲಿಲ್ಲ. ಕೆಲಸ ಕಲಿತವರಲ್ಲಿ ಹೆಚ್ಚಿನವರು ಕ್ರೈಸ್ತ ಹೆಣ್ಣುಮಕ್ಕಳು, ವಿಧವೆಯರು. ಈ ವೃತ್ತಿಗೆ ಅಂಟಿದ ಕೀಳರಿಮೆಯ ಬೇರು ಅಲ್ಲಿದೆ, ಅದು ಇವತ್ತಿಗೂ ಪೂರ್ತಿ ಹೋಗಿಲ್ಲ.

ಹಳ್ಳಿಯಲ್ಲಿ ಹೆರಿಗೆ ಸೂಲಗಿತ್ತಿಯದು. ಆಕೆಯನ್ನು ಅಜ್ಞಾನದ ಪ್ರತೀಕವೆಂದು ಇಲಾಖೆಯ ಕಾಗದಗಳು ಬಹುಕಾಲ ಬರೆದುಕೊಂಡು ಬಂದವು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ದುಡ್ಡು ಮುಟ್ಟದೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ಡಿಸೆಂಬರಿನಲ್ಲಿ ತೀರಿಕೊಂಡರು. ಅವರದೂ ಕನ್ನಡ-ತೆಲುಗಿನ ಗಡಿಯೇ. ಆದರೆ ನರಸಮ್ಮನಂಥವರ ಕೌಶಲವನ್ನು ತೋರಿಸಿ ಮನೆ ಹೆರಿಗೆಯೇ ಚೆನ್ನಾಗಿತ್ತು ಎನ್ನುವವರ ಮಾತನ್ನು ನಾನು ಒಪ್ಪಲಾರೆ. ರಕ್ತ ನಿಲ್ಲದೆ ಹೋದಾಗ, ನಂಜು ಏರಿ ಸೆಳೆತ ಬಂದಾಗ ಬರಿಗೈಯಿಂದ ಮಾಡಬಹುದಾದದ್ದು ಬಹಳ ಕಡಿಮೆ.

1946ರಲ್ಲಿ ದೇಶದ ಆರೋಗ್ಯ ವ್ಯವಸ್ಥೆ ಕುರಿತ ಭೋರ್ ಸಮಿತಿಯ ವರದಿ ಬಂದಾಗ ಅವಿಭಜಿತ ಭಾರತದಲ್ಲಿ 43,000 ಜನರಿಗೆ ಒಬ್ಬ ನರ್ಸ್ ಇದ್ದಳು. ಇಡೀ ದೇಶಕ್ಕೆ ಸುಮಾರು 7,000 ಮಂದಿ. 1971ರ ಹೊತ್ತಿಗೆ 500 ಜನರಿಗೊಬ್ಬ ನರ್ಸ್ ಆಗಬೇಕು ಎಂದು ಸಮಿತಿ ಗುರಿ ಇಟ್ಟಿತು. ಅದೇ 1946ರಲ್ಲಿ ದೆಹಲಿ, ವೆಲ್ಲೂರುಗಳಲ್ಲಿ ನರ್ಸಿಂಗ್ ಪದವಿ ಶಿಕ್ಷಣ ಶುರುವಾಯಿತು. 1947ರ ಕಾಯ್ದೆಯಿಂದ ಭಾರತೀಯ ನರ್ಸಿಂಗ್ ಪರಿಷತ್ತು ಹುಟ್ಟಿತು. ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1956ರಲ್ಲೇ ಮನೋರೋಗ ನರ್ಸಿಂಗ್ ಡಿಪ್ಲೊಮಾ ತೆರೆಯಿತು. ಅದೇ ಮುಂದೆ ನಿಮ್ಹಾನ್ಸ್ ಆಯಿತು. ಹುಚ್ಚಾಸ್ಪತ್ರೆಯ ಕಾವಲು ಕೆಲಸವನ್ನು ಶುಶ್ರೂಷೆಯಾಗಿ ಮಾರ್ಪಡಿಸಿದ್ದರಲ್ಲಿ ಈ ಡಿಪ್ಲೊಮಾ ಪಡೆದು ದೇಶದ ಮೂಲೆಮೂಲೆಗೆ ಹೋದ ನರ್ಸ್‌ಗಳ ಪಾಲು ದೊಡ್ಡದು.

ಹಳ್ಳಿಗೆ ಬೇಕಾದ ನರ್ಸ್ ಬೇರೆ ದಾರಿಯಿಂದ ಬಂದಳು. 1951ರಲ್ಲಿ ಪಂಜಾಬಿನ ತರನ್ ತಾರನ್‌ನಲ್ಲಿ ಎ.ಎನ್.ಎಂ. ಕೋರ್ಸು ಆರಂಭವಾಯಿತು. ಎರಡು ವರ್ಷ, ಹೆರಿಗೆ ಕಲಿಕೆಯೇ ಮುಖ್ಯ. 1973ರಲ್ಲಿ ಕರ್ತಾರ್ ಸಿಂಗ್ ಸಮಿತಿ ಈಕೆಯನ್ನು 'ಬಹೂದ್ದೇಶ ಕಾರ್ಯಕರ್ತೆ' ಮಾಡಿತು. 1977ರಲ್ಲಿ ಕೋರ್ಸು ಒಂದೂವರೆ ವರ್ಷಕ್ಕೆ ಇಳಿಯಿತು, ಹೆರಿಗೆ ತರಬೇತಿಯ ತಿಂಗಳುಗಳೂ ಕಡಿಮೆಯಾದವು. ಮಲೇರಿಯಾ ರಕ್ತಲೇಪನ, ಲಸಿಕೆ, ಕುಟುಂಬ ಯೋಜನೆ ಎಲ್ಲವೂ ಅವಳ ತಲೆಗೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ ಸಂತಾನಹರಣ ಚಿಕಿತ್ಸೆಗೆ 'ಆಪರೇಷನ್ ಕೇಸ್' ತರುವ ಗುರಿಯೇ ಅವಳ ನೌಕರಿಯ ಅಳತೆಗೋಲಾಯಿತು. ಆ ಗುರಿ ಪದ್ಧತಿಯನ್ನು ಸರ್ಕಾರ ಕೈಬಿಟ್ಟದ್ದು 1996ರಲ್ಲಿ. ಎರಡು ದಶಕ ಹೀಗೆ ಕಳೆದಾಗ ಸೂಲಗಿತ್ತಿಯ ಜಾಗಕ್ಕೆ ಬರಬೇಕಾಗಿದ್ದ ಸರ್ಕಾರಿ ನರ್ಸಬಾಯಿಗೆ ಹೆರಿಗೆ ಮಾಡಿಸುವ ಕೈಯೇ ತಪ್ಪಿತ್ತು. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ದೊಡ್ಡ ಹಿನ್ನಡೆ ಅದು. ಪರಿಣಾಮವನ್ನು ಅಂಕಿ ಹೇಳುತ್ತದೆ: 2001-03ರಲ್ಲಿ ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು ದೇಶದಲ್ಲಿ 301, ಕರ್ನಾಟಕದಲ್ಲಿ 228.

2005 ಒಂದು ತಿರುವು. ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ, ಜನನಿ ಸುರಕ್ಷಾ, ಆಶಾ ಇವೆಲ್ಲ ಒಟ್ಟಿಗೆ ಬಂದವು. ಆ ಗದ್ದಲದಲ್ಲಿ ಯಾರ ಗಮನಕ್ಕೂ ಬಾರದ ಇನ್ನೊಂದು ತೀರ್ಮಾನವಾಯಿತು. ಅಲ್ಲಿಯವರೆಗೆ ವೈದ್ಯರು ಮಾತ್ರ ಕೊಡಬಹುದಾಗಿದ್ದ ಕೆಲವು ಔಷಧಿಗಳನ್ನು ತುರ್ತಿನಲ್ಲಿ ಎ.ಎನ್.ಎಂ. ಮತ್ತು ನರ್ಸ್ ಕೊಡಬಹುದೆಂದು ಕೇಂದ್ರ ಸರ್ಕಾರ ಒಪ್ಪಿತು. ಹೆರಿಗೆಯ ನಂತರದ ರಕ್ತಸ್ರಾವಕ್ಕೆ ಆಕ್ಸಿಟೋಸಿನ್ ಅಥವಾ ಮಿಸೊಪ್ರೊಸ್ಟಾಲ್, ಸೆಳೆತಕ್ಕೆ ಮೆಗ್ನೀಸಿಯಂ ಸಲ್ಫೇಟಿನ ಮೊದಲ ಡೋಸ್. ಕಟ್ಟಡಗಳ ಉದ್ಘಾಟನೆಗಿಂತ ಈ ಒಂದು ಆದೇಶ ಹೆಚ್ಚು ಬೆಲೆಯುಳ್ಳದ್ದು.

ಇದಕ್ಕೆ ಬಲ ಕೊಟ್ಟ ಪುರಾವೆಯಲ್ಲಿ ದೊಡ್ಡ ಪಾಲು ಬಂದದ್ದು ಬೆಳಗಾವಿ ಜಿಲ್ಲೆಯಿಂದ. ಅಲ್ಲಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ತಂಡ ಅಮೆರಿಕದ ಸಂಶೋಧಕರೊಂದಿಗೆ 2002ರಿಂದ 2005ರವರೆಗೆ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ ಒಂದು ಪ್ರಯೋಗ ನಡೆಸಿತು. ಹಳ್ಳಿಗಳಲ್ಲಿ ಎ.ಎನ್.ಎಂ.ಗಳು ಮಾಡಿಸಿದ ಹೆರಿಗೆಗಳಲ್ಲಿ 1,620 ತಾಯಂದಿರು ಪಾಲ್ಗೊಂಡರು. ಅರ್ಧದಷ್ಟು ಜನಕ್ಕೆ ಮಿಸೊಪ್ರೊಸ್ಟಾಲ್ ಗುಳಿಗೆ, ಉಳಿದವರಿಗೆ ಔಷಧಿಯಿಲ್ಲದ ಹುಸಿ ಗುಳಿಗೆ. ಯಾವುದು ಯಾರಿಗೆ ಎಂಬುದು ಕೊಟ್ಟವರಿಗೂ ಗೊತ್ತಿಲ್ಲ. ಫಲಿತಾಂಶ 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು: ರಕ್ತಸ್ರಾವ ಶೇ. 12ರಿಂದ 6.4ಕ್ಕೆ, ತೀವ್ರ ರಕ್ತಸ್ರಾವ ಶೇ. 1.2ರಿಂದ 0.2ಕ್ಕೆ ಇಳಿದಿತ್ತು. ಗುಳಿಗೆ ಕೆಲಸ ಮಾಡುತ್ತದೆ ಎಂಬುದರ ಜತೆಗೆ, ಅದನ್ನು ಹಳ್ಳಿಯ ಎ.ಎನ್.ಎಂ. ಸುರಕ್ಷಿತವಾಗಿ ಕೊಡಬಲ್ಲಳು ಎಂಬುದೂ ಸಾಬೀತಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪಯೋಗಕ್ಕಾಗಿ ಮಿಸೊಪ್ರೊಸ್ಟಾಲನ್ನು ಅವಶ್ಯಕ ಔಷಧಿಗಳ ಪಟ್ಟಿಗೆ ಸೇರಿಸಿತು.

ಆ ಪ್ರಯೋಗದಲ್ಲಿ ಇನ್ನೊಂದು ಸಣ್ಣ ವಸ್ತು ಇತ್ತು. ಎಷ್ಟು ರಕ್ತ ಹೋಯಿತು ಎಂದು ಕಣ್ಣಳತೆಯಲ್ಲಿ ಹೇಳುವುದು ನಂಬಲಾಗದ ಮಾತು. ಬಟ್ಟೆ ನೆನೆದಿರುತ್ತದೆ, ನೆಲಕ್ಕೆ ಹರಿದಿರುತ್ತದೆ, ದೀಪ ಮಂದವಿರುತ್ತದೆ. ಹಾಗಾಗಿ ತಾಯಿಯ ಸೊಂಟದಡಿ ಹಾಸುವ ಒಂದು ಪ್ಲಾಸ್ಟಿಕ್ ಹಾಳೆ ಮಾಡಿದರು. ಅದರ ತುದಿಗೆ ಆಲಿಕೆಯಂತೆ ಇಳಿಬಿದ್ದ ಚೀಲ, ಚೀಲದ ಮೇಲೆ ಮಿಲಿಲೀಟರಿನ ಗೆರೆಗಳು. ರಕ್ತ ಗೆರೆ ಮುಟ್ಟಿದ್ದು ಕಂಡ ಕೂಡಲೆ ನರ್ಸ್ ಮುಂದಿನ ಹೆಜ್ಜೆ ಇಡಬೇಕು, ಯಾರ ಅಪ್ಪಣೆಗೂ ಕಾಯಬೇಕಿಲ್ಲ. ಹಾಳೆಯ ಅಳತೆಗೆ ಹೋಲಿಸಿದರೆ ಕಣ್ಣಂದಾಜು ಮೂರನೇ ಒಂದು ಪಾಲು ಕಡಿಮೆ ಬರುತ್ತಿತ್ತು ಎಂದು ಅಲ್ಲಿಯೇ ತೋರಿಸಿಕೊಟ್ಟರು. ಬಹಳ ವರ್ಷಗಳ ನಂತರ ಅಂಥದೇ ಗೆರೆಯುಳ್ಳ ಹಾಳೆಯನ್ನು ಮುಂದಿಟ್ಟುಕೊಂಡು ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾಗಳ 80 ಆಸ್ಪತ್ರೆಗಳಲ್ಲಿ ಒಂದು ದೊಡ್ಡ ಅಧ್ಯಯನ ನಡೆಯಿತು. ರಕ್ತವನ್ನು ಅಳೆದು, ಒಂದರ ಹಿಂದೊಂದು ಕಾಯದೆ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಶುರು ಮಾಡಿದಲ್ಲಿ ತೀವ್ರ ರಕ್ತಸ್ರಾವದ ಅನಾಹುತಗಳು ಶೇ. 60ರಷ್ಟು ಕಡಿಮೆಯಾದವು. 2023ರಲ್ಲಿ ಅದು ಪ್ರಕಟವಾದಾಗ ಜಗತ್ತೆಲ್ಲ ಕೊಂಡಾಡಿತು. ಬೆಳಗಾವಿಯ ಹೆಸರನ್ನು ನಮ್ಮ ಪತ್ರಿಕೆಗಳೂ ನೆನೆದಂತೆ ಕಾಣಲಿಲ್ಲ.

ಯಾಲಾಲಿಗೆ ಇನ್ನೂ ಹತ್ತಿರದ ಉದಾಹರಣೆ ಗಡಿಯಾಚೆಯ ಕಲಬುರಗಿಯದು. ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳಿಗೆಂದು ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಮತ್ತು ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ ಸರ್ಕಾರದ ಜತೆ ಸೇರಿ 'ಸುಕ್ಷೇಮ' ಯೋಜನೆ ನಡೆಸಿದವು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ, ಬಾಗಲಕೋಟೆ. ಅದರ ತಿರುಳು ಮಾರ್ಗದರ್ಶಿ ನರ್ಸ್ ಎಂಬ ಕಲ್ಪನೆ. ನಮ್ಮಲ್ಲಿ ತರಬೇತಿ ಎಂದರೆ ಜಿಲ್ಲಾ ಕೇಂದ್ರದ ಸಭಾಂಗಣ, ಪವರ್ ಪಾಯಿಂಟ್, ಮಧ್ಯಾಹ್ನದ ಊಟ, ಪ್ರಮಾಣಪತ್ರ. ವಾಪಸು ಬಂದವಳು ಹಳೆಯ ಟೇಬಲ್ಲಿನ ಮುಂದೆ ಹಳೆಯ ರೀತಿಯಲ್ಲೇ ನಿಲ್ಲುತ್ತಾಳೆ. ಇಲ್ಲಿ ಅದು ತಿರುಗಾಮುರುಗಾ ಆಯಿತು. ವಿಶೇಷ ತರಬೇತಿ ಪಡೆದ ನರ್ಸ್ ತಾನೇ ಆರೋಗ್ಯ ಕೇಂದ್ರಕ್ಕೆ ಹೋಗಿ, ಅಲ್ಲಿಯ ಸ್ಟಾಫ್ ನರ್ಸ್‌ಗಳ ಜತೆ ಡ್ಯೂಟಿಯಲ್ಲಿ ನಿಂತು ಕಲಿಸುತ್ತಿದ್ದಳು. ಮತ್ತೆ ಕೆಲವು ವಾರ ಬಿಟ್ಟು ಬರುತ್ತಿದ್ದಳು.

ಅವಳು ನೋಡುತ್ತಿದ್ದುದು ಚಿಲ್ಲರೆ ಎನಿಸುವ ಸಂಗತಿಗಳನ್ನು. ಆಕ್ಸಿಟೋಸಿನ್ ಫ್ರಿಜ್ಜಿನಲ್ಲಿದೆಯೋ, ಕರೆಂಟು ಹೋದರೂ ಯಾರೂ ಗಮನಿಸದ ಕಪಾಟಿನಲ್ಲಿದೆಯೋ? ಆ ಔಷಧಿ 2ರಿಂದ 8 ಡಿಗ್ರಿಯಲ್ಲಿ ಇರದಿದ್ದರೆ ಸತ್ವ ಕಳೆದುಕೊಳ್ಳುತ್ತದೆ, ನೋಡಲು ಮಾತ್ರ ಹಾಗೇ ಇರುತ್ತದೆ. ಮಗು ಉಸಿರಾಡದಿದ್ದರೆ ಬೇಕಾಗುವ ಬ್ಯಾಗ್ ಮತ್ತು ಮಾಸ್ಕ್ ಹೆರಿಗೆ ಟೇಬಲ್ಲಿನ ಹತ್ತಿರವಿದೆಯೋ, ಬೀಗ ಹಾಕಿದ ಸ್ಟೋರಿನಲ್ಲಿದೆಯೋ? ಮೊದಲ ಒಂದು ನಿಮಿಷದಲ್ಲಿ ಕೀಲಿಕೈ ಹುಡುಕಲು ಆಗುವುದಿಲ್ಲ. ಹೆರಿಗೆಯ ಪ್ರಗತಿಯನ್ನು ಗೆರೆಯಲ್ಲಿ ತೋರಿಸುವ ಪಾರ್ಟೋಗ್ರಾಫನ್ನು ಆಗಿಂದಾಗ್ಗೆ ತುಂಬುತ್ತಾರೋ, ಎಲ್ಲ ಮುಗಿದ ಮೇಲೆ ಕೂತು ಚೆಂದವಾಗಿ ಎಳೆಯುತ್ತಾರೋ? ಈ ಕೊನೆಯದು ಇಡೀ ದೇಶದ ರೋಗ. ಇನ್ಸ್‌ಪೆಕ್ಷನ್ನಿಗೆ ಬಂದ ಅಧಿಕಾರಿ ಕಾಗದ ನೋಡಿ ಭೇಷ್ ಎನ್ನುತ್ತಾನೆ. ಜತೆಗೆ ಡ್ಯೂಟಿ ಮಾಡಿದ ನರ್ಸಿಗೆ ಮಾತ್ರ ಅದು ತಿಳಿಯುತ್ತದೆ. ಅದಕ್ಕೇ ಸುಕ್ಷೇಮದವರು ಕೇಸ್ ಶೀಟನ್ನೇ ಬದಲಿಸಿ, ಮುಂದೇನು ಮಾಡಬೇಕು ಎಂಬುದನ್ನೂ ನೆನಪಿಸುವಂತೆ ಮಾಡಿದರು.

ಬಳ್ಳಾರಿ ಮತ್ತು ಕಲಬುರಗಿ ಜಿಲ್ಲೆಗಳ 54 ಕೇಂದ್ರಗಳಲ್ಲಿ ಈ ವ್ಯವಸ್ಥೆ ಇಟ್ಟು, ಇನ್ನು 54 ಕೇಂದ್ರಗಳನ್ನು ಮಾರ್ಗದರ್ಶಿ ನರ್ಸ್ ಇಲ್ಲದೆ ಬಿಟ್ಟು ಹೋಲಿಸಿ ನೋಡಿದರು. ಮಾರ್ಗದರ್ಶಿ ನರ್ಸ್ ಹೋದ ಕೇಂದ್ರಗಳಲ್ಲಿ ಔಷಧಿ-ಸಲಕರಣೆಗಳ ತಯಾರಿ, ತೊಡಕು ಬಂದಾಗ ಏನು ಮಾಡಬೇಕೆಂಬ ಸಿಬ್ಬಂದಿಯ ತಿಳಿವಳಿಕೆ ಎರಡೂ ಮೇಲಾಗಿದ್ದವು. ಸಾವು ಕಡಿಮೆಯಾಯಿತೇ ಎಂದು ಹೇಳಲು ಅಷ್ಟು ಸಣ್ಣ ಪ್ರಯೋಗ ಸಾಲದು. ಆದರೆ ಒಬ್ಬ ನರ್ಸ್ ಇನ್ನೊಬ್ಬ ನರ್ಸಿಗೆ ಕೆಲಸದ ಜಾಗದಲ್ಲೇ ಗುರುವಾಗಬಹುದು, ಅದಕ್ಕೆ ವೈದ್ಯರ ಕಾವಲು ಬೇಕಿಲ್ಲ ಎಂಬುದು ನಮ್ಮ ಸೀಮೆಯಲ್ಲೇ ತೋರಿಬಂತು.

ಇದರ ಎದುರಿಗೆ ಇಟ್ಟು ನೋಡಬೇಕಾದದ್ದು ತಪಾಸಣಾ ಪಟ್ಟಿಯ ಕಥೆ. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಪಟ್ಟಿಯನ್ನು 2010ರಲ್ಲಿ ಕರ್ನಾಟಕದ ಒಂದು ಗ್ರಾಮೀಣ ಆಸ್ಪತ್ರೆಯಲ್ಲಿ ಪರೀಕ್ಷಿಸಿದರು. ಮಾಡಲೇಬೇಕಾದ 29 ಕ್ರಮಗಳಲ್ಲಿ ಮೊದಲು ಸರಾಸರಿ 10 ನಡೆಯುತ್ತಿದ್ದವು, ಪಟ್ಟಿ ಬಂದ ಮೇಲೆ 25. ಉತ್ಸಾಹದಿಂದ ಅದನ್ನು ಉತ್ತರ ಪ್ರದೇಶದ 120 ಕೇಂದ್ರಗಳಿಗೆ ಒಯ್ದರು, ಒಂದೂವರೆ ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ಗಮನಿಸಿದರು. 2017ರಲ್ಲಿ ಬಂದ ಫಲಿತಾಂಶ ತಣ್ಣೀರೆರಚಿತು: ಒಳ್ಳೆಯ ಕ್ರಮಗಳು ಹೆಚ್ಚಿದವು, ತಾಯಿ-ಮಗುವಿನ ಸಾವು ಮಾತ್ರ ಕಡಿಮೆಯಾಗಲಿಲ್ಲ. ಮಾರ್ಗದರ್ಶಕರ ಭೇಟಿ ನಿಂತ ಮೇಲೆ ಕ್ರಮಗಳೂ ಜಾರತೊಡಗಿದವು. ಪಟ್ಟಿ ಕೆಟ್ಟದ್ದೆಂದು ಇದರ ಅರ್ಥವಲ್ಲ. ರಕ್ತ, ಶಸ್ತ್ರಚಿಕಿತ್ಸೆ, ಆಂಬುಲೆನ್ಸ್ ಹಿಂದೆ ಇರದಿದ್ದರೆ ನರ್ಸ್ ಎಷ್ಟು ಚೆನ್ನಾಗಿ ಟಿಕ್ ಹಾಕಿದರೂ ಅಷ್ಟೇ. ನರ್ಸ್‌ಗಳ ಕೊಡುಗೆಯನ್ನು ಹೊಗಳುವ ಭರದಲ್ಲಿ ಈ ಮಾತನ್ನು ನಾವು ಮುಚ್ಚಿಡಬಾರದು.

ಈಗ ಗಡಿಯ ಈಚೆಗೆ ಬರೋಣ. ತೆಲಂಗಾಣದ ಸಮಸ್ಯೆ ಕರ್ನಾಟಕದಂಥದ್ದಲ್ಲ. ತಾಯಂದಿರ ಸಾವು ಇಲ್ಲಿ ಕಡಿಮೆ: 2018-20ರಲ್ಲಿ ತೆಲಂಗಾಣದ್ದು 43, ಕರ್ನಾಟಕದ್ದು 69. ಶೇ. 97ರಷ್ಟು ಹೆರಿಗೆ ಆಸ್ಪತ್ರೆಗಳಲ್ಲೇ ಆಗುತ್ತವೆ. 2017ರ ಜೂನಿನಲ್ಲಿ ಬಂದ ಕೆ.ಸಿ.ಆರ್. ಕಿಟ್ ಯೋಜನೆ ಗಂಡು ಮಗುವಿಗೆ 12,000, ಹೆಣ್ಣು ಮಗುವಿಗೆ 13,000 ರೂಪಾಯಿ ಕೊಟ್ಟು ಬಸುರಿಯರನ್ನು ಸರ್ಕಾರಿ ದವಾಖಾನಿಗಳತ್ತ ಸೆಳೆಯಿತು. ಕಷ್ಟ ಇರುವುದು ಕತ್ತರಿಯಲ್ಲಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತೆಲಂಗಾಣದ ಶೇ. 60.7ರಷ್ಟು ಹೆರಿಗೆ ಸಿಸೇರಿಯನ್. ದೇಶದ ಸರಾಸರಿ 21.5, ಕರ್ನಾಟಕ 31.5. ಮುಹೂರ್ತ ನೋಡಿ ಹೊಟ್ಟೆ ಕೊಯ್ಸುವವರು ಇದ್ದಾರೆ, ಬಿಲ್ಲು ನೋಡಿ ಕೊಯ್ಯುವವರೂ ಇದ್ದಾರೆ. ಗುಣಮಟ್ಟದ ಮಾತು ಎಂದರೆ ಚಿಕಿತ್ಸೆ ಸಾಲದಿರುವುದು ಮಾತ್ರ ಎಂದುಕೊಂಡವರಿಗೆ ಇದು ಇನ್ನೊಂದು ಮುಖ.

ಇದಕ್ಕೆ ತೆಲಂಗಾಣ ಹುಡುಕಿದ ಉತ್ತರ ಮತ್ತೆ ನರ್ಸ್. 2017ರಲ್ಲಿ ಹೈದರಾಬಾದಿನ ಫರ್ನಾಂಡಿಸ್ ಆಸ್ಪತ್ರೆ ಮತ್ತು ಯುನಿಸೆಫ್ ಜತೆಗೂಡಿ 30 ಸರ್ಕಾರಿ ಸ್ಟಾಫ್ ನರ್ಸ್‌ಗಳಿಗೆ 18 ತಿಂಗಳ ಮಿಡ್‌ವೈಫ್ ತರಬೇತಿ ಶುರುವಾಯಿತು. ಇದರ ಹಿಂದೆ ನಿಂತವರು ಡಾ. ಎವಿಟಾ ಫರ್ನಾಂಡಿಸ್, ಸ್ವತಃ ಹೆರಿಗೆ ವೈದ್ಯೆ. ತೊಡಕಿಲ್ಲದ ಹೆರಿಗೆಯನ್ನು ಮಿಡ್‌ವೈಫ್ ಪೂರ್ತಿ ನೋಡಿಕೊಳ್ಳುವುದು, ತೊಡಕು ಕಂಡರೆ ವೈದ್ಯರನ್ನು ಕರೆಯುವುದು. ತಾಯಿ ಎದ್ದು ಓಡಾಡಬಹುದು, ಬೇಕಾದ ಭಂಗಿಯಲ್ಲಿ ಹೆರಬಹುದು, ಮನೆಯವರೊಬ್ಬರು ಜತೆಗಿರಬಹುದು. 2018ರ ಕೊನೆಗೆ ಕೇಂದ್ರ ಸರ್ಕಾರವೂ ಇದೇ ಜಾಡಿನ ಮಾರ್ಗಸೂಚಿ ತಂದಿತು. ಆಮೇಲಿನ ವರ್ಷಗಳಲ್ಲಿ ತೆಲಂಗಾಣದ ಮಿಡ್‌ವೈಫ್‌ಗಳ ಸಂಖ್ಯೆ 200 ದಾಟಿತು. 1977ರಲ್ಲಿ ಕಳೆದುಕೊಂಡದ್ದನ್ನು ನಾಲ್ಕು ದಶಕದ ಮೇಲೆ ಹೀಗೆ ಮರಳಿ ಕಟ್ಟುತ್ತಿದ್ದೇವೆ. ನೋವು ತಿನ್ನುತ್ತಿರುವವಳನ್ನು ಗದರಿಸಿ, ಕೆಲವೆಡೆ ತೊಡೆಗೆ ಏಟು ಕೊಟ್ಟು ಹೆರಿಗೆ ಮಾಡಿಸುವ ಅಭ್ಯಾಸ ನಮ್ಮ ವಾರ್ಡುಗಳಲ್ಲಿ ಇದೆ, ಅದನ್ನು ಮಾಡುವವರಲ್ಲಿ ನರ್ಸ್‌ಗಳೂ ಇದ್ದಾರೆ. ಮಿಡ್‌ವೈಫ್ ತರಬೇತಿಯ ದೊಡ್ಡ ಕೆಲಸ ಈ ನಡವಳಿಕೆಯನ್ನು ಬಿಡಿಸುವುದು.

ಇಷ್ಟೆಲ್ಲ ಆದರೂ ಮೇಲಿನ ಕುರ್ಚಿಯಲ್ಲಿ ನರ್ಸ್ ಕಾಣುವುದು ಅಪರೂಪ. ಸ್ವಾತಂತ್ರ್ಯಾನಂತರ ಕೇಂದ್ರ ಸರ್ಕಾರದ ನರ್ಸಿಂಗ್ ಸಲಹೆಗಾರರಾಗಿದ್ದ ಟಿ.ಕೆ. ಅದ್ರಾನ್‌ವಾಲಾ ಅವರ ಕಾಲದಿಂದಲೂ ಈ ಕೊರಗು ಇದೆ. ಸರೋಜಿನಿ ವರದಪ್ಪನ್ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿ 1980ರ ದಶಕದ ಕೊನೆಗೆ ಕೇಂದ್ರ, ರಾಜ್ಯ, ಜಿಲ್ಲೆ ಎಲ್ಲ ಹಂತದಲ್ಲೂ ನರ್ಸಿಂಗ್ ಆಡಳಿತ ಹೇಗಿರಬೇಕೆಂದು ವಿವರವಾಗಿ ಬರೆದಿತ್ತು. ಜಿಲ್ಲೆಯ ಮಟ್ಟದಲ್ಲಿ ಅದು ಬಹುಪಾಲು ಕಾಗದದಲ್ಲೇ ಉಳಿಯಿತು. ಜಿಲ್ಲಾಸ್ಪತ್ರೆಯ ನರ್ಸಿಂಗ್ ಅಧೀಕ್ಷಕಿಯ ದಿನ ಡ್ಯೂಟಿ ಪಟ್ಟಿ ಬರೆಯುವುದು, ಇಂಡೆಂಟ್ ಹಾಕುವುದು, ಬೆಡ್‌ಶೀಟ್ ಲೆಕ್ಕ ಒಪ್ಪಿಸುವುದು, ಯಾರದೋ ರಜೆಗೆ ಇನ್ನಾರನ್ನೋ ಹೊಂದಿಸುವುದರಲ್ಲಿ ಮುಗಿಯುತ್ತದೆ. ಖರೀದಿ, ನೇಮಕಾತಿ, ವಾರ್ಡಿನ ವಿನ್ಯಾಸ ಯಾವುದರಲ್ಲೂ ಅವಳ ಮಾತಿಗೆ ತೂಕವಿಲ್ಲ. 2023ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ 1947ರ ಹಳೆಯ ಕಾಯ್ದೆಯ ಜಾಗಕ್ಕೆಂದು ರೂಪುಗೊಂಡದ್ದು. ಅದು ಶಿಕ್ಷಣ, ನೋಂದಣಿಯನ್ನು ಸರಿಪಡಿಸಬಹುದು. ಸ್ವಂತ ಆಸ್ಪತ್ರೆಯೇ ಇಲ್ಲದೆ ಬಾಡಿಗೆ ಮಹಡಿಗಳಲ್ಲಿ ನಡೆಯುವ ನರ್ಸಿಂಗ್ ಕಾಲೇಜುಗಳಿಗೆ ಅದು ಕಡಿವಾಣ ಹಾಕಿದರೆ ಅಷ್ಟೇ ದೊಡ್ಡ ಉಪಕಾರ.

ಎಷ್ಟು ರೋಗಿಗಳಿಗೆ ಒಬ್ಬ ನರ್ಸ್ ಎಂಬ ಪ್ರಶ್ನೆಗೆ ಹೊರದೇಶಗಳಲ್ಲಿ ಗಟ್ಟಿ ಉತ್ತರ ಸಿಕ್ಕಿದೆ. ಅಮೆರಿಕದ ನರ್ಸಿಂಗ್ ಸಂಶೋಧಕಿ ಲಿಂಡಾ ಐಕನ್ ತಂಡ ಯೂರೋಪಿನ ಒಂಬತ್ತು ದೇಶಗಳ 300 ಆಸ್ಪತ್ರೆಗಳನ್ನು ಅಧ್ಯಯನ ಮಾಡಿ 2014ರಲ್ಲಿ ಪ್ರಕಟಿಸಿದಂತೆ, ನರ್ಸ್ ಒಬ್ಬಳಿಗೆ ಒಬ್ಬ ರೋಗಿ ಹೆಚ್ಚಾದರೆ ಶಸ್ತ್ರಚಿಕಿತ್ಸೆಯಾದವರು ತಿಂಗಳೊಳಗೆ ಸಾಯುವ ಸಂಭವ ಶೇ. 7ರಷ್ಟು ಏರುತ್ತದೆ. ನಮ್ಮ ನರ್ಸಿಂಗ್ ಪರಿಷತ್ತಿನ ನಿಯಮ ಬೋಧನಾ ಆಸ್ಪತ್ರೆಗೆ ಮೂವರಿಗೊಬ್ಬ, ಸಾಮಾನ್ಯ ಆಸ್ಪತ್ರೆಗೆ ಐವರಿಗೊಬ್ಬ. ನೈಟ್ ಡ್ಯೂಟಿಯ ಹೊತ್ತಿಗೆ ಯಾವುದೇ ಸರ್ಕಾರಿ ವಾರ್ಡಿಗೆ ಹೋಗಿ ಎಣಿಸಿದರೆ ಉಳಿದದ್ದು ತಿಳಿಯುತ್ತದೆ. ಖಾಸಗಿಯಲ್ಲಿ ಸಂಬಳದ ಕಥೆ ಬೇರೆ. 2016ರಲ್ಲಿ ಸುಪ್ರೀಂ ಕೋರ್ಟ್ ಸೂಚನೆಯಂತೆ ರಚನೆಯಾದ ಸಮಿತಿ 50 ಹಾಸಿಗೆಗಿಂತ ಚಿಕ್ಕ ಆಸ್ಪತ್ರೆಯಲ್ಲೂ ನರ್ಸಿಗೆ ತಿಂಗಳಿಗೆ ಕನಿಷ್ಠ 20,000 ರೂಪಾಯಿ ಇರಬೇಕೆಂದಿತು. ತಾಲ್ಲೂಕು ಮಟ್ಟದ ನರ್ಸಿಂಗ್ ಹೋಮುಗಳಲ್ಲಿ ಅದನ್ನು ಪಾಲಿಸುವವರನ್ನು ದೀಪ ಹಿಡಿದು ಹುಡುಕಬೇಕು.

ಈ ಸೀಮೆಗೆ ಈಗ ಕಟ್ಟಡಗಳು ಬಂದಿವೆ. ಸಂಗಾರೆಡ್ಡಿಗೆ 2022ರಲ್ಲಿ, ವಿಕಾರಾಬಾದಿಗೆ 2023ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು. ತಾಂಡೂರಿನಲ್ಲಿ ಜಿಲ್ಲಾ ಮಟ್ಟದ ದವಾಖಾನಿ ಇದೆ, ಜಹೀರಾಬಾದ್, ನಾರಾಯಣಖೇಡಗಳಲ್ಲಿ ಏರಿಯಾ ಆಸ್ಪತ್ರೆಗಳಿವೆ, ಹಳ್ಳಿಗಳಲ್ಲಿ ಪಲ್ಲೆ ದವಾಖಾನಾಗಳು. ಇವುಗಳಲ್ಲಿ ಬೇಕಾದದ್ದು ಮೂರು. ಹೆರಿಗೆ ವಾರ್ಡುಗಳಿಗೆ ತಿರುಗಾಡುವ ಮಾರ್ಗದರ್ಶಿ ನರ್ಸ್‌ಗಳು, ಅವರಿಂದ ಜಿಲ್ಲಾ ಮಟ್ಟದಲ್ಲಿ ವರದಿ ಕೇಳಿ ಕ್ರಮ ಕೈಗೊಳ್ಳುವ ಒಬ್ಬ ನರ್ಸಿಂಗ್ ಅಧಿಕಾರಿ, ಮತ್ತು ಗಡಿ ಮಂಡಲಗಳಲ್ಲಿ ಕನ್ನಡ ಬಲ್ಲ ಸಿಬ್ಬಂದಿ. ಎಲ್ಲಿ ನೋವು, ಎಷ್ಟು ಹೊತ್ತಿನಿಂದ, ನೀರು ಹೋಯಿತೇ, ಮಗು ಅಲುಗಾಡುತ್ತಿದೆಯೇ ಎಂಬ ಪ್ರಶ್ನೆಗಳಿಗೆ ಮೊದಲ ಹೆರಿಗೆಯ ಹುಡುಗಿ ತನ್ನ ಮನೆಮಾತಿನಲ್ಲಿ ಉತ್ತರ ಹೇಳುವಂತಿರಬೇಕು. ಅರ್ಧಂಬರ್ಧ ತಿಳಿದ ಉತ್ತರದ ಮೇಲೆ ಬರೆದ ಕೇಸ್ ಶೀಟ್ ಅಪಾಯಕಾರಿ. ವಿಕಾರಾಬಾದ್, ಸಂಗಾರೆಡ್ಡಿ ಜಿಲ್ಲೆಗಳ ಆರೋಗ್ಯಾಧಿಕಾರಿಗಳು ಕಲಬುರಗಿಯಲ್ಲಿ ಆದ ಕೆಲಸದ ಕಡತಗಳನ್ನು ತರಿಸಿಕೊಂಡು ನೋಡಲಿ. ಅಲ್ಲಿ ದುಡಿದ ಮಾರ್ಗದರ್ಶಿ ನರ್ಸ್‌ಗಳನ್ನೇ ಕರೆಸಿ ಮೊದಲ ತಂಡಕ್ಕೆ ತರಬೇತಿ ಕೊಡಿಸಲಿ. ದಾರಿ ಒಂದು ರೈಲಿನದು.